ವಿಂಡೋದಿಂದ ವಿಂಡೋಗೆ ಹಾರಲು ಯಾವ ಕೀ? ನಿಮ್ಮ ಕೆಲಸ ನೋಡಿ ಆರಿಸಿಕೊಳ್ಳಿ

ಒಂದು ಪತ್ರ ಬರೆಯುತ್ತಿದ್ದೀರಿ. ಮಧ್ಯದಲ್ಲಿ ಒಂದು ಮೊತ್ತ ಬೇಕಾಯಿತು, ಅದು ಎಕ್ಸೆಲ್ ಶೀಟ್‌ನಲ್ಲಿದೆ. ಕೈ ಮೌಸ್ ಹಿಡಿಯುತ್ತದೆ, ಬಾಣ ಪರದೆಯ ಕೆಳಗಿಳಿಯುತ್ತದೆ, ಎಕ್ಸೆಲ್ ಐಕಾನ್ ಮೇಲೆ ನಿಂತರೆ ಮೂರು ಶೀಟ್‌ಗಳ ಪುಟ್ಟ ಚಿತ್ರಗಳು ಮೇಲೇಳುತ್ತವೆ. ಮೂರೂ ಒಂದೇ ಥರ. ಮಧ್ಯದ್ದನ್ನು ಒತ್ತಿದಿರಿ, ಅದಲ್ಲ. ಮತ್ತೆ ಕೆಳಗೆ ಹೋಗಿ ಕೊನೆಯದನ್ನು ಒತ್ತಿದಿರಿ, ಸಿಕ್ಕಿತು. ಪತ್ರಕ್ಕೆ ವಾಪಸ್ ಬರುವಷ್ಟರಲ್ಲಿ ಮೊತ್ತವೇ ಮರೆತುಹೋಗಿದೆ. ಎಲ್ಲರಿಗೂ ಆಗಿರುವುದೇ ಇದು, ಅಲ್ವಾ?

ಇದಕ್ಕೆ ಮದ್ದು ಕೀಬೋರ್ಡ್ ಶಾರ್ಟ್‌ಕಟ್ ಅಂತ ಎಲ್ಲರಿಗೂ ಗೊತ್ತು. ತೊಡಕು ಇರುವುದು ಯಾವ ಶಾರ್ಟ್‌ಕಟ್ ಅನ್ನುವುದರಲ್ಲಿ. ವಿಂಡೋಸ್ ಒಂದರಲ್ಲೇ ಆಲ್ಟ್ + ಟ್ಯಾಬ್, ವಿಂಡೋಸ್ + ಟ್ಯಾಬ್, ವಿಂಡೋಸ್ + ಅಂಕಿ, ಆಲ್ಟ್ + ಎಸ್ಕೇಪ್, ಕಂಟ್ರೋಲ್ + ವಿಂಡೋಸ್ + ಬಾಣದ ಕೀ ಅಂತ ಸಾಲು ಬೆಳೆಯುತ್ತದೆ. ಮ್ಯಾಕ್‌ನದ್ದು ಬೇರೆಯೇ ಲೆಕ್ಕ. ಇಪ್ಪತ್ತು ಶಾರ್ಟ್‌ಕಟ್‌ಗಳ ಪಟ್ಟಿ ಪ್ರಿಂಟ್ ತೆಗೆದು ಮೇಜಿನ ಮುಂದೆ ಅಂಟಿಸಿಕೊಂಡವರನ್ನು ನೋಡಿದ್ದೇನೆ. ನಾನೂ ಅಂಟಿಸಿಕೊಂಡಿದ್ದೆ. ಅದನ್ನು ಓದಿ ಒಂದನ್ನೂ ಕಲಿಯಲಿಲ್ಲ. ನಿಜಕ್ಕೂ ಬೇಕಾಗುವುದು ಎರಡೋ ಮೂರೋ. ಯಾವ ಎರಡು ಅನ್ನುವುದು ನೀವು ದಿನವಿಡೀ ಮಾಡುವ ಕೆಲಸದ ರೀತಿಯನ್ನು ನೋಡಿ ತೀರ್ಮಾನ ಆಗಬೇಕು.

ಯಾವುದನ್ನು ನೋಡಿ ಅಳೆಯಬೇಕು

ಹಳೆಯ ಲೆಕ್ಕ ಒಂದಿದೆ. ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂವೆಲ್ ಎಂಬ ಮೂವರು ಸಂಶೋಧಕರು 1980ರಲ್ಲಿ ಕಂಪ್ಯೂಟರ್ ಮುಂದೆ ಕೂತವರ ಒಂದೊಂದು ಚಲನೆಗೂ ಸಮಯ ಕಟ್ಟಿದರು. ಟೈಪಿಂಗ್‌ನಲ್ಲಿ ಪಳಗಿದ ಕೈಗೆ ಒಂದು ಕೀ ಒತ್ತಲು ಸುಮಾರು 0.2 ಸೆಕೆಂಡ್. ಕೈ ಕೀಬೋರ್ಡ್ ಬಿಟ್ಟು ಮೌಸ್‌ಗೆ ಹೋಗಲು 0.4 ಸೆಕೆಂಡ್. ಬಾಣವನ್ನು ಗುರಿಗೆ ಒಯ್ಯಲು 1.1 ಸೆಕೆಂಡ್. ಮುಂದೇನು ಮಾಡಬೇಕು ಎಂದು ಮನಸ್ಸು ಅಣಿಯಾಗಲು 1.35 ಸೆಕೆಂಡ್.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಎಲ್ಲಕ್ಕಿಂತ ದುಬಾರಿ ಅದೇ. ಮೌಸ್ ಹಿಡಿದು, ಗುರಿ ಮುಟ್ಟಿ, ಒತ್ತಿ, ಕೈ ವಾಪಸ್ ಕೀಬೋರ್ಡ್‌ಗೆ ಬರುವಷ್ಟರಲ್ಲಿ ಎರಡು ಸೆಕೆಂಡ್ ಹೋಗುತ್ತದೆ. ಎರಡು ಕೀ ಒತ್ತಿದರೆ ಅರ್ಧ ಸೆಕೆಂಡ್ ಕೂಡ ಆಗುವುದಿಲ್ಲ. ಆದರೆ ಕೀ ಒತ್ತಿದ ಮೇಲೆ ಪರದೆ ನೋಡಿ "ಎಲ್ಲಿದೆ ಅದು?" ಅಂತ ಹುಡುಕಲು ಶುರು ಮಾಡಿದಿರೋ, ಉಳಿಸಿದ್ದೆಲ್ಲ ಅಲ್ಲೇ ಖರ್ಚು.

ಹಾಗಾಗಿ ನನ್ನ ಮೊದಲ ಅಳತೆ ಇದು: ಕೀ ಒತ್ತುವ ಮೊದಲೇ ಯಾವ ವಿಂಡೋ ಬರುತ್ತದೆ ಅಂತ ಬೆರಳಿಗೆ ಗೊತ್ತಿರುತ್ತದಾ, ಅಥವಾ ಒತ್ತಿದ ಮೇಲೆ ಕಣ್ಣು ಹುಡುಕಬೇಕಾ? ಎರಡನೆಯದು, ವಿಂಡೋಗಳು ಹೆಚ್ಚಾದಾಗ ಆ ದಾರಿ ಎಷ್ಟರವರೆಗೆ ತಾಳುತ್ತದೆ. ಮೂರಕ್ಕೆ ಚೆನ್ನಾಗಿರುವುದು ಹದಿಮೂರಕ್ಕೆ ಕೈಕೊಡಬಹುದು. ಮೂರನೆಯದು ಕೈ. ಒಂದು ಕೀಯನ್ನು ಅದುಮಿ ಹಿಡಿದು ಇನ್ನೊಂದನ್ನು ಕುಟ್ಟುವುದು ಎಲ್ಲರ ಕೈಗೂ ಹಿತವಲ್ಲ. ನಾಲ್ಕನೆಯದು, ಬೇರೆಯವರ ಕಂಪ್ಯೂಟರ್ ಮುಂದೆ ಕೂತಾಗ ಅದು ಸಿಗುತ್ತದಾ? ಹೊಸ ಸಾಫ್ಟ್‌ವೇರ್ ಹಾಕಲು ಬಿಡದ ಕಚೇರಿಗಳು ಬೇಕಾದಷ್ಟಿವೆ. ದುಡ್ಡಿನ ಮಾತು ಕೊನೆಗೆ. ಇಲ್ಲಿ ಬಹುತೇಕ ಎಲ್ಲವೂ ಬಿಟ್ಟಿ.

ಆಲ್ಟ್ + ಟ್ಯಾಬ್: ಎರಡು ವಿಂಡೋಗಳ ರಾಜ

ಎಲ್ಲರಿಗೂ ಗೊತ್ತಿರುವ ಕೀ, ಆದರೆ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಿರುವವರು ಕಡಿಮೆ. ಆಲ್ಟ್ + ಟ್ಯಾಬ್ ತೋರಿಸುವ ಸಾಲು ವಿಂಡೋ ತೆರೆದ ಕ್ರಮದಲ್ಲಿ ಇರುವುದಿಲ್ಲ, ಟಾಸ್ಕ್‌ಬಾರ್ (ಪರದೆಯ ಕೆಳಗಿನ ಐಕಾನ್ ಪಟ್ಟಿ) ಕ್ರಮದಲ್ಲೂ ಇರುವುದಿಲ್ಲ. ಈಗಷ್ಟೇ ಬಳಸಿದ್ದು ಮೊದಲು, ಅದಕ್ಕಿಂತ ಹಿಂದಿನದು ಎರಡನೆಯದು, ಹೀಗೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದಲೇ ಒಂದೇ ಸಲ ಒತ್ತಿ ಬಿಟ್ಟರೆ ಸೀದಾ ಹಿಂದಿನ ವಿಂಡೋ. ಮತ್ತೊಮ್ಮೆ ಒತ್ತಿದರೆ ಮೊದಲಿದ್ದ ಜಾಗ. ಪತ್ರ, ಶೀಟ್, ಪತ್ರ, ಶೀಟ್. ಪರದೆ ನೋಡುವ ಕೆಲಸವೇ ಇಲ್ಲ.

ಮೂರನೆಯದು ಸೇರಿದಾಗ ಏನಾಗುತ್ತದೆ ನೋಡೋಣ. ಪತ್ರ, ಶೀಟ್, ಬ್ರೌಸರ್ ಇವೆ ಅಂದುಕೊಳ್ಳಿ. ನೀವೀಗ ಪತ್ರದಲ್ಲಿದ್ದೀರಿ, ಬ್ರೌಸರ್‌ನಿಂದ ಬಂದಿದ್ದೀರಿ. ಸಾಲು ಹೀಗಿದೆ: ಪತ್ರ, ಬ್ರೌಸರ್, ಶೀಟ್. ಶೀಟ್ ಬೇಕಾದರೆ ಆಲ್ಟ್ ಹಿಡಿದು ಟ್ಯಾಬ್ ಎರಡು ಸಲ. ಹೋದ ಕೂಡಲೇ ಸಾಲು ಬದಲಾಯಿತು: ಶೀಟ್, ಪತ್ರ, ಬ್ರೌಸರ್. ಈಗ ಬ್ರೌಸರ್ ಬೇಕಾದರೆ ಮತ್ತೆ ಎರಡು ಸಲ. ಅಂದರೆ ಮೂರನ್ನೂ ಒಂದೇ ಸುತ್ತಿನಲ್ಲಿ ತಿರುಗುವವರಿಗೆ ಯಾವಾಗಲೂ ಎರಡು ಟ್ಯಾಬ್, ಲೆಕ್ಕ ಸುಲಭ. ಆದರೆ ಶೀಟ್‌ನಿಂದ ಒಂದು ಗಳಿಗೆ ಬ್ರೌಸರ್‌ಗೆ ಇಣುಕಿ ಬಂದಿರೋ, ಸುತ್ತು ಮುರಿಯಿತು. ಯಾವುದು ಒಂದು ಹೆಜ್ಜೆ, ಯಾವುದು ಎರಡು ಅಂತ ಮತ್ತೆ ನೋಡಬೇಕು. ನಾಲ್ಕೈದು ವಿಂಡೋ ಆದಮೇಲೆ ಯಾರ ತಲೆಯೂ ಆ ಲೆಕ್ಕ ಇಡುವುದಿಲ್ಲ. ಆಗ ಕಣ್ಣೇ ಗತಿ.

ಹಾಗಾಗಿ ನನ್ನ ತೀರ್ಪು: ಎರಡು ವಿಂಡೋ ನಡುವೆ ಓಡಾಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಮೂರಕ್ಕೆ ನಡೆಯುತ್ತದೆ. ಅದಕ್ಕಿಂತ ಮೇಲೆ ಅದನ್ನೇ ನೆಚ್ಚಿಕೊಂಡರೆ ಟ್ಯಾಬ್ ಕೀ ಸವೆಯುತ್ತದೆ ಅಷ್ಟೇ.

ಇದರ ಜೊತೆಗೆ ಬರುವ ಚಿಕ್ಕಪುಟ್ಟ ಸಂಗತಿಗಳು. ಬೇಕಾದ ವಿಂಡೋ ದಾಟಿ ಮುಂದೆ ಹೋದರೆ ಶಿಫ್ಟ್ ಸೇರಿಸಿ, ಹಿಂದಕ್ಕೆ ಬರುತ್ತದೆ. ಸಾಲು ಕಾಣುತ್ತಿರುವಾಗಲೇ ಬಾಣದ ಕೀಗಳಿಂದಲೂ ಓಡಾಡಬಹುದು. ಬೇಡವೆನಿಸಿದರೆ ಎಸ್ಕೇಪ್ ಒತ್ತಿ, ಇದ್ದಲ್ಲೇ ಉಳಿಯುತ್ತೀರಿ. ವಿಂಡೋಸ್ 10 ಮತ್ತು 11ರಲ್ಲಿ ಆ ಸಾಲಿನಲ್ಲೇ ಡಿಲೀಟ್ ಒತ್ತಿದರೆ ಆರಿಸಿದ ವಿಂಡೋ ಮುಚ್ಚುತ್ತದೆ. ಸಂಜೆ ಎಲ್ಲವನ್ನೂ ಮುಚ್ಚಿ ಏಳುವಾಗ ನನಗೆ ತುಂಬಾ ಇಷ್ಟವಾಗುವ ಕೆಲಸ ಇದು.

ಆಲ್ಟ್ + ಎಸ್ಕೇಪ್ ಅಂತ ಒಂದಿದೆ. ಸಾಲು ತೋರಿಸದೆ ಮುಂದಿರುವ ವಿಂಡೋವನ್ನು ಹಿಂದಕ್ಕೆ ತಳ್ಳಿ ಮುಂದಿನದನ್ನು ತರುತ್ತದೆ. ಮಿನಿಮೈಸ್ ಆಗಿರುವುದನ್ನು ತೆರೆಯುವುದಿಲ್ಲ. ಗೊತ್ತಿರಲಿ, ಕಲಿಯುವ ಅಗತ್ಯ ಇಲ್ಲ.

ವಿಂಡೋಸ್ + ಅಂಕಿ: ಜಾಗ ಬದಲಾಗದ ದಾರಿ

ನನ್ನನ್ನು ಕೇಳಿದರೆ, ದಿನವೂ ಅದೇ ಐದಾರು ಪ್ರೋಗ್ರಾಂಗಳಲ್ಲಿ ಕೆಲಸ ಮಾಡುವವರು ಮೊದಲು ಕಲಿಯಬೇಕಾದ್ದು ಇದನ್ನು. ಆದರೆ ಬಳಸುವವರು ತೀರಾ ಕಡಿಮೆ. 2009ರ ವಿಂಡೋಸ್ 7ರಲ್ಲಿ ಟಾಸ್ಕ್‌ಬಾರ್‌ಗೆ ಐಕಾನ್ ಪಿನ್ ಮಾಡುವ ಅನುಕೂಲ ಬಂತು. ಎಡದಿಂದ ಮೊದಲ ಐಕಾನ್‌ಗೆ ವಿಂಡೋಸ್ + 1, ಎರಡನೆಯದಕ್ಕೆ ವಿಂಡೋಸ್ + 2, ಹೀಗೆ 9ರವರೆಗೆ, ಹತ್ತನೆಯದಕ್ಕೆ 0. ಆ ಪ್ರೋಗ್ರಾಂ ತೆರೆದಿದ್ದರೆ ಮುಂದೆ ಬರುತ್ತದೆ, ತೆರೆದಿಲ್ಲದಿದ್ದರೆ ತೆರೆದುಕೊಳ್ಳುತ್ತದೆ.

ಇದರ ಗುಟ್ಟು ಜಾಗದಲ್ಲಿದೆ. ಆಲ್ಟ್ + ಟ್ಯಾಬ್ ಸಾಲು ಪ್ರತಿ ಸಲ ಕಲೆಸಿಹೋಗುತ್ತದೆ. ಇಲ್ಲಿ ಬ್ರೌಸರ್ 1 ಅಂದರೆ ನಾಳೆಯೂ 1, ಮುಂದಿನ ತಿಂಗಳೂ 1. ನನ್ನ ಕಂಪ್ಯೂಟರ್‌ನಲ್ಲಿ 1 ಬ್ರೌಸರ್, 2 ವರ್ಡ್, 3 ಎಕ್ಸೆಲ್, 4 ಮೇಲ್. ಒಂದು ವಾರ ಕೆಳಗೆ ನೋಡಿ ನೋಡಿ ಒತ್ತಿದೆ. ಎರಡನೇ ವಾರ ನೋಡುವುದು ತಾನಾಗಿಯೇ ನಿಂತಿತು. ಮನೆಯಲ್ಲಿ ರಾತ್ರಿ ಲೈಟ್ ಸ್ವಿಚ್‌ಗೆ ಕೈ ಹೋಗುತ್ತದಲ್ಲ, ಹಾಗೆ.

ಒಂದು ಎಚ್ಚರ. ಒಂದೇ ವಿಂಡೋ ಇರುವ ಪ್ರೋಗ್ರಾಂ ಆಗಲೇ ಮುಂದಿದ್ದು, ಅದರ ಅಂಕಿಯನ್ನೇ ಒತ್ತಿದರೆ ಅದು ಮಿನಿಮೈಸ್ ಆಗಿ ಮಾಯವಾಗುತ್ತದೆ. ಮೊದಮೊದಲು ಗಾಬರಿಯಾಗುತ್ತದೆ. ಮತ್ತೊಮ್ಮೆ ಅದೇ ಅಂಕಿ ಒತ್ತಿ, ವಾಪಸ್ ಬರುತ್ತದೆ.

ಕೊರತೆ ಇಲ್ಲವೆಂದಲ್ಲ. ಮೇಲೆ ಹೇಳಿದ ಮೂರು ಎಕ್ಸೆಲ್ ಶೀಟ್‌ಗಳ ಗೋಳು ಇಲ್ಲೂ ಇದೆ. ವಿಂಡೋಸ್ ಕೀ ಹಿಡಿದು 3 ಅನ್ನು ಮತ್ತೆ ಮತ್ತೆ ಒತ್ತಿದರೆ ಶೀಟ್‌ಗಳು ಒಂದಾದ ಮೇಲೆ ಒಂದು ಬರುತ್ತವೆ, ಆದರೆ ಕಣ್ಣಿಗೆ ಕೆಲಸ ಬಿತ್ತು. ಕಂಟ್ರೋಲ್ ಸೇರಿಸಿ ಕಂಟ್ರೋಲ್ + ವಿಂಡೋಸ್ + 3 ಒತ್ತಿದರೆ ಆ ಪ್ರೋಗ್ರಾಂನಲ್ಲಿ ಕೊನೆಗೆ ಬಳಸಿದ ಶೀಟ್ ನೇರ ಬರುತ್ತದೆ, ಹೆಚ್ಚಿನ ಸಲ ಬೇಕಾಗುವುದೂ ಅದೇ. ಇನ್ನೊಂದು ಕೊರತೆ: ಬೇರೆಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಅಂಕಿಗಳು ನಡೆಯುವುದಿಲ್ಲ. ಅವರ 1 ಇನ್ನೇನೋ ಆಗಿರುತ್ತದೆ. ದಿನಕ್ಕೊಂದು ಕಂಪ್ಯೂಟರ್ ಮುಂದೆ ಕೂರುವವರು ಇದಕ್ಕೆ ಶ್ರಮ ಹಾಕಬೇಡಿ.

ಲಿನಕ್ಸ್‌ನವರಿಗೂ ಇದು ಸಿಗುತ್ತದೆ. ಉಬುಂಟುವಿನ ಐಕಾನ್ ಪಟ್ಟಿಯಾದ ಡಾಕ್‌ನಲ್ಲಿ ಮತ್ತು ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನಲ್ಲಿ ಸೂಪರ್ ಕೀ ಹಿಡಿದು ಅಂಕಿ ಒತ್ತಿದರೆ ಸಾಕು. ಸೂಪರ್ ಅಂದರೆ ವಿಂಡೋಸ್ ಗುರುತಿನ ಅದೇ ಕೀ. ಮ್ಯಾಕ್ ಡಾಕ್‌ಗೆ ಮಾತ್ರ ಇಂಥ ಅಂಕಿಗಳು ತಾನಾಗಿ ಬರುವುದಿಲ್ಲ.

ಮ್ಯಾಕ್‌ಗೆ ಹೊಸದಾಗಿ ಬಂದವರ ಗೊಂದಲ

ವಿಂಡೋಸ್‌ನಿಂದ ಮ್ಯಾಕ್‌ಗೆ ಬಂದವರು ಮೊದಲ ದಿನವೇ ಮುಗ್ಗರಿಸುವುದು ಇಲ್ಲಿ. ಕಮಾಂಡ್ + ಟ್ಯಾಬ್ ಒತ್ತಿದರೆ ವಿಂಡೋಗಳು ಬರುವುದಿಲ್ಲ, ಆ್ಯಪ್‌ಗಳು ಬರುತ್ತವೆ. ಬ್ರೌಸರ್‌ನ ನಾಲ್ಕು ವಿಂಡೋ ತೆರೆದಿದ್ದರೂ ಸಾಲಿನಲ್ಲಿ ಒಂದೇ ಐಕಾನ್. ಒಂದೇ ಆ್ಯಪ್‌ನ ವಿಂಡೋಗಳ ನಡುವೆ ಓಡಾಡಲು ಬೇರೆ ಕೀ: ಕಮಾಂಡ್ ಹಿಡಿದು, ಟ್ಯಾಬ್‌ನ ನೇರ ಮೇಲಿರುವ ಕೀ. ಅಮೆರಿಕನ್ ವಿನ್ಯಾಸದ ಕೀಬೋರ್ಡ್‌ನಲ್ಲಿ ಅದು 1ರ ಎಡಕ್ಕಿದೆ.

ಇದು ಮೊದಲು ಕಿರಿಕಿರಿ. ಅಭ್ಯಾಸವಾದಮೇಲೆ ಇದರಲ್ಲೂ ಅರ್ಥ ಇದೆ ಅನಿಸುತ್ತದೆ. ಮೊದಲು ಊರು, ಆಮೇಲೆ ಬೀದಿ. ಹತ್ತು ವಿಂಡೋ ಒಂದೇ ಸಾಲಿನಲ್ಲಿ ಹುಡುಕುವ ಬದಲು ನಾಲ್ಕು ಆ್ಯಪ್, ಅದರೊಳಗೆ ಎರಡೋ ಮೂರೋ ವಿಂಡೋ. ಒಂದೇ ಆ್ಯಪ್‌ನಲ್ಲಿ ಹತ್ತಾರು ಕಡತ ತೆರೆದು ಕೂರುವವರಿಗೆ ಇದು ಆಲ್ಟ್ + ಟ್ಯಾಬ್‌ಗಿಂತ ವಾಸಿ. ಆದರೆ ಒಂದು ಬ್ರೌಸರ್ ವಿಂಡೋ ಮತ್ತು ಒಂದು ಪತ್ರದ ನಡುವೆ ಓಡಾಡುತ್ತಿರುವಾಗ, ಬ್ರೌಸರ್‌ನ ಇನ್ನೊಂದು ವಿಂಡೋ ಬೇಕಾಯಿತು ಅಂದರೆ ಎರಡು ಬೇರೆ ಬೇರೆ ಶಾರ್ಟ್‌ಕಟ್ ಬೇಕು. ಮನಸ್ಸು ಒಂದು ಕ್ಷಣ ತಡವರಿಸುತ್ತದೆ.

ಎರಡು ಮುಳ್ಳುಗಳಿವೆ. ಮಿನಿಮೈಸ್ ಮಾಡಿದ ವಿಂಡೋಗೆ ಕಮಾಂಡ್ + ಟ್ಯಾಬ್‌ನಿಂದ ಹೋದರೆ ಆ್ಯಪ್ ಮುಂದೆ ಬರುತ್ತದೆ, ವಿಂಡೋ ಬರುವುದಿಲ್ಲ. ಕಮಾಂಡ್ ಬಿಡುವ ಮೊದಲು ಆಪ್ಷನ್ ಕೀ ಒತ್ತಿ ಹಿಡಿದು, ಆಮೇಲೆ ಬಿಟ್ಟರೆ ಬರುತ್ತದೆ. ಇದಕ್ಕಿಂತ ಸುಲಭ, ಮಿನಿಮೈಸ್ ಮಾಡುವುದನ್ನೇ ಬಿಟ್ಟು ಕಮಾಂಡ್ + ಎಚ್ ಒತ್ತಿ ಆ್ಯಪ್ ಅಡಗಿಸುವುದು. ಅಡಗಿಸಿದ್ದು ಕಮಾಂಡ್ + ಟ್ಯಾಬ್‌ಗೆ ತಕರಾರಿಲ್ಲದೆ ವಾಪಸ್ ಬರುತ್ತದೆ. ಇನ್ನೊಂದು ಮುಳ್ಳು ಕ್ಯೂ ಕೀ. ಆ್ಯಪ್‌ಗಳ ಸಾಲು ಕಾಣುತ್ತಿರುವಾಗ ಕ್ಯೂ ಒತ್ತಿದರೆ ಆರಿಸಿದ ಆ್ಯಪ್ ಮುಚ್ಚಿಹೋಗುತ್ತದೆ. ಕ್ಯೂ ಇರುವುದು ಎಲ್ಲಿ? ಟ್ಯಾಬ್‌ನ ಪಕ್ಕದಲ್ಲೇ! ಆತುರದಲ್ಲಿ ನನ್ನ ಬೆರಳು ಜಾರಿ ಅರ್ಧ ತುಂಬಿದ ಫಾರಂ ಇದ್ದ ಬ್ರೌಸರ್ ಕಣ್ಮುಂದೆಯೇ ಹೋಯಿತು. ಬೈಯಲು ಯಾರೂ ಇರಲಿಲ್ಲ, ಬೆರಳನ್ನೇ ಬೈದುಕೊಂಡೆ.

ವಿಂಡೋಸ್ ರೀತಿಯೇ ಬೇಕು ಅನ್ನುವವರಿಗೆ ಆಲ್ಟ್‌ಟ್ಯಾಬ್ ಎಂಬ ಹೆಸರಿನ ಮುಕ್ತ ತಂತ್ರಾಂಶ ಮ್ಯಾಕ್‌ಗೆ ಸಿಗುತ್ತದೆ, ಪ್ರತಿ ವಿಂಡೋವನ್ನೂ ಬೇರೆ ಬೇರೆ ಚಿತ್ರವಾಗಿ ತೋರಿಸುತ್ತದೆ. ನಾನಾದರೆ ಒಂದು ತಿಂಗಳು ಮ್ಯಾಕ್ ಕ್ರಮದಲ್ಲೇ ಪಳಗಿ ನೋಡಿ, ಆಮೇಲೂ ಒಗ್ಗದಿದ್ದರೆ ಇದನ್ನು ಹಾಕಿಕೊಳ್ಳುತ್ತೇನೆ. ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲೂ ಹೀಗೆಯೇ ಆ್ಯಪ್‌ಗೊಂದು, ವಿಂಡೋಗೊಂದು ಬೇರೆ ಕೀ ಇಡುವ ಕ್ರಮ ಇದೆ. ಅಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಲ್ಟ್ + ಟ್ಯಾಬ್ ಯಾವ ಕೆಲಸ ಮಾಡಬೇಕು ಅಂತ ನೀವೇ ಬದಲಿಸಬಹುದು. ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಎಲ್ಲವನ್ನೂ ಹರಡಿ ನೋಡುವುದು

ವಿಂಡೋಸ್ + ಟ್ಯಾಬ್, ಮ್ಯಾಕ್‌ನಲ್ಲಿ ಕಂಟ್ರೋಲ್ + ಮೇಲಿನ ಬಾಣ, ಗ್ನೋಮ್‌ನಲ್ಲಿ ಬರೀ ಸೂಪರ್ ಕೀ. ಮೂರೂ ತೆರೆದ ವಿಂಡೋಗಳನ್ನೆಲ್ಲ ಮೇಜಿನ ಮೇಲೆ ಕಾಗದ ಹರಡಿದ ಹಾಗೆ ತೋರಿಸುತ್ತವೆ. ವಿಂಡೋಸ್ ವಿಸ್ತಾ ಕಾಲದಲ್ಲಿ ವಿಂಡೋಸ್ + ಟ್ಯಾಬ್ ಒತ್ತಿದರೆ ವಿಂಡೋಗಳು ಇಸ್ಪೀಟ್ ಎಲೆಗಳ ಹಾಗೆ ಓರೆಯಾಗಿ ಒಂದರ ಹಿಂದೊಂದು ನಿಲ್ಲುತ್ತಿದ್ದವು. ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೇ. ವಿಂಡೋಸ್ 8ರ ಹೊತ್ತಿಗೆ ತೆಗೆದೇ ಹಾಕಿದರು.

ನನ್ನ ಮೊದಲ ಅಳತೆಯಲ್ಲಿ ಇದು ಸೋಲುತ್ತದೆ. ಪ್ರತಿ ಸಲವೂ ಕಣ್ಣು ಹುಡುಕಲೇಬೇಕು. ಆದರೆ "ಬೆಳಿಗ್ಗೆ ತೆರೆದಿದ್ದ ಆ ಪಿಡಿಎಫ್ ಎಲ್ಲಿ ಹೋಯ್ತು?" ಅನ್ನುವಾಗ ಇದೇ ಸರಿ. ಕಳೆದುಹೋದದ್ದನ್ನು ಹುಡುಕಲು ಇಟ್ಟುಕೊಳ್ಳಿ, ದಿನಕ್ಕೆ ನೂರು ಸಲ ಓಡಾಡಲು ಅಲ್ಲ.

ಒಂದು ಗುಂಪಿಗೆ ಮಾತ್ರ ಇದು ಮೊದಲ ಆಯ್ಕೆಯೇ ಆಗಬಹುದು. ಆಲ್ಟ್ ಅದುಮಿ ಹಿಡಿಯಲು ಹೆಬ್ಬೆರಳು ನೋಯುವವರು, ಒಂದೇ ಕೈಯಲ್ಲಿ ಕೆಲಸ ಮಾಡುವವರು. ವಿಂಡೋಸ್ + ಟ್ಯಾಬ್ ಒಮ್ಮೆ ಒತ್ತಿ ಕೈ ಬಿಟ್ಟರೂ ಪರದೆ ಹಾಗೇ ನಿಲ್ಲುತ್ತದೆ. ನಿಧಾನವಾಗಿ ಬಾಣದ ಕೀಯಿಂದ ಆರಿಸಿ ಎಂಟರ್ ಒತ್ತಬಹುದು. ಕಂಟ್ರೋಲ್ + ಆಲ್ಟ್ + ಟ್ಯಾಬ್ ಕೂಡ ಹಾಗೇ: ಆಲ್ಟ್ + ಟ್ಯಾಬ್‌ನ ಅದೇ ಸಾಲು, ಕೈ ಬಿಟ್ಟರೂ ಹೋಗುವುದಿಲ್ಲ. ಮೂರು ಕೀ ಒಟ್ಟಿಗೆ ಹಿಡಿಯುವುದೇ ಕಷ್ಟವಾದರೆ ಶಿಫ್ಟ್ ಐದು ಸಲ ಒತ್ತಿ ಸ್ಟಿಕಿ ಕೀಸ್ ಶುರು ಮಾಡಿ. ಆಮೇಲೆ ಒಂದಾದ ಮೇಲೆ ಒಂದು ಒತ್ತಿದರೂ ಒಟ್ಟಿಗೆ ಒತ್ತಿದಂತೆಯೇ ಲೆಕ್ಕ.

ಕೆಲಸಕ್ಕೊಂದು ಕೋಣೆ

ಮೇಲೆ ಹೇಳಿದ ಸ್ಟೂವರ್ಟ್ ಕಾರ್ಡ್ ಇದ್ದಾರಲ್ಲ, ಅವರೇ ಆಸ್ಟಿನ್ ಹೆಂಡರ್ಸನ್ ಜೊತೆ ಸೇರಿ 1986ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಮ್ಸ್ ಎಂಬ ವ್ಯವಸ್ಥೆ ಮುಂದಿಟ್ಟರು. ಹೆಸರೇ ಹೇಳುವಂತೆ ಕೋಣೆಗಳು. ಪರದೆ ಚಿಕ್ಕದು, ವಿಂಡೋಗಳು ಜಾಸ್ತಿ, ಒಂದನ್ನು ತೆಗೆದರೆ ಇನ್ನೊಂದು ಮುಚ್ಚುತ್ತದೆ. ಆದ್ದರಿಂದ ಒಂದೊಂದು ಕೆಲಸಕ್ಕೆ ಬೇಕಾದ ವಿಂಡೋಗಳನ್ನು ಒಂದೊಂದು ಕೋಣೆಯಲ್ಲಿಡಿ, ನೀವು ಕೋಣೆಯಿಂದ ಕೋಣೆಗೆ ಹೋಗಿ ಅನ್ನುವುದು ಅವರ ಯೋಚನೆ. ವಿಂಡೋಸ್‌ನಲ್ಲಿ ಇದು ಎಲ್ಲರ ಕೈಗೂ ಸಿಗುವಂತೆ ಒಳಗೇ ಬಂದದ್ದು 2015ರಲ್ಲಿ, ವಿಂಡೋಸ್ 10ರ ಜೊತೆ. ವರ್ಚುವಲ್ ಡೆಸ್ಕ್‌ಟಾಪ್ ಅಂತ ಹೆಸರು.

ಕಂಟ್ರೋಲ್ + ವಿಂಡೋಸ್ + ಡಿ ಹೊಸ ಕೋಣೆ ತೆರೆಯುತ್ತದೆ. ಅದೇ ಎರಡು ಕೀ ಜೊತೆ ಎಡ ಅಥವಾ ಬಲ ಬಾಣ ಒತ್ತಿದರೆ ಪಕ್ಕದ ಕೋಣೆ. ಎಫ್4 ಒತ್ತಿದರೆ ಈಗಿರುವ ಕೋಣೆ ಮುಚ್ಚುತ್ತದೆ, ಅದರೊಳಗಿನ ವಿಂಡೋಗಳು ಕಳೆದುಹೋಗದೆ ಪಕ್ಕದ ಕೋಣೆಗೆ ಸೇರುತ್ತವೆ. ಮ್ಯಾಕ್‌ನಲ್ಲಿ ಕಂಟ್ರೋಲ್ + ಎಡ ಅಥವಾ ಬಲ ಬಾಣ.

ಇದರ ನಿಜವಾದ ಲಾಭ ಬೇರೆಲ್ಲೋ ಇದೆ. ವಿಂಡೋಸ್‌ನಲ್ಲಿ ಆಲ್ಟ್ + ಟ್ಯಾಬ್ ಸಾಮಾನ್ಯವಾಗಿ ಈಗಿರುವ ಕೋಣೆಯ ವಿಂಡೋಗಳನ್ನಷ್ಟೇ ತೋರಿಸುತ್ತದೆ. ಹನ್ನೆರಡು ವಿಂಡೋಗಳನ್ನು ನಾಲ್ಕು ಕೋಣೆಗೆ ಹಂಚಿದರೆ ಪ್ರತಿ ಕೋಣೆಯಲ್ಲೂ ಮೂರೇ. ಮೂರಕ್ಕೆ ಆಲ್ಟ್ + ಟ್ಯಾಬ್ ಎಷ್ಟು ಚುರುಕು ಅಂತ ಆಗಲೇ ನೋಡಿದೆವಲ್ಲ! ಕೈಕೊಟ್ಟ ಹಳೆಯ ಕೀ ಮತ್ತೆ ಕೆಲಸಕ್ಕೆ ಬಂತು. ಎಲ್ಲ ಕೋಣೆಯದ್ದೂ ಒಟ್ಟಿಗೆ ಬರುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಮಲ್ಟಿಟಾಸ್ಕಿಂಗ್‌ಗೆ ಹೋಗಿ ಬದಲಿಸಿ.

ಮ್ಯಾಕ್‌ನಲ್ಲಿ ಒಂದು ಸೆಟ್ಟಿಂಗ್ ಆಫ್ ಮಾಡಲೇಬೇಕು. ಇತ್ತೀಚೆಗೆ ಬಳಸಿದ್ದನ್ನು ನೋಡಿ ಕೋಣೆಗಳ ಕ್ರಮವನ್ನು ಅದು ತಾನೇ ಬದಲಿಸುತ್ತದೆ. ನಿನ್ನೆ ಬಲಕ್ಕಿದ್ದ ಕೋಣೆ ಇವತ್ತು ಎಡಕ್ಕೆ! ಡೆಸ್ಕ್‌ಟಾಪ್ ಮತ್ತು ಡಾಕ್ ಸೆಟ್ಟಿಂಗ್ಸ್‌ನಲ್ಲಿ, ಮಿಷನ್ ಕಂಟ್ರೋಲ್ ಭಾಗದಲ್ಲಿ ಅದರ ಸ್ವಿಚ್ ಇದೆ.

ಯಾರಿಗೆ ಇದು ಬೇಡ? ಒಂದೇ ಕೆಲಸ ಹಿಡಿದು ಕೂರುವವರಿಗೆ. ಯಾವ ವಿಂಡೋ ಯಾವ ಕೋಣೆಯಲ್ಲಿದೆ ಅಂತ ನೆನಪಿಡುವುದೇ ಇನ್ನೊಂದು ಕೆಲಸವಾಗುತ್ತದೆ. ನಾನು ಆರು ಕೋಣೆ ಮಾಡಿ ಒಂದು ವಾರ ಒದ್ದಾಡಿ ಎರಡಕ್ಕೆ ಇಳಿದೆ: ಒಂದು ಕೆಲಸಕ್ಕೆ, ಇನ್ನೊಂದು ಮೇಲ್ ಮತ್ತು ಚಾಟ್‌ಗೆ. ಆನ್‌ಲೈನ್ ಮೀಟಿಂಗ್‌ನಲ್ಲಿ ಪರದೆ ತೋರಿಸುವವರಿಗಂತೂ ಈ ಎರಡು ಕೋಣೆ ವರದಾನ. ಇಡೀ ಪರದೆ ಹಂಚಿಕೊಂಡಿರುವಾಗ ಆಲ್ಟ್ + ಟ್ಯಾಬ್ ಒತ್ತಿದರೆ ನಿಮ್ಮ ಖಾಸಗಿ ಚಾಟ್‌ನ ಚಿತ್ರವೂ ಎಲ್ಲರಿಗೂ ಕಾಣುತ್ತದೆ. ಅದು ಬೇರೆ ಕೋಣೆಯಲ್ಲಿದ್ದರೆ ಆ ಸಾಲಿಗೇ ಬರುವುದಿಲ್ಲ.

ಹೆಸರು ಟೈಪ್ ಮಾಡಿ ಕರೆಯುವುದು

ಹದಿನೈದು, ಇಪ್ಪತ್ತು ವಿಂಡೋ ತೆರೆದು ಕೂರುವವರು ಇದ್ದಾರೆ. ಅವರಿಗೆ ಸಾಲೂ ಬೇಡ, ಕೋಣೆಯೂ ಬೇಡ, ಹೆಸರು ಹೇಳಿದರೆ ಬರಬೇಕು. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಬಿಟ್ಟಿಯಾಗಿ ಕೊಡುವ ಪವರ್‌ಟಾಯ್ಸ್‌ನಲ್ಲಿ ರನ್ ಎಂಬ ಭಾಗ ಇದೆ. ಅದನ್ನು ತೆರೆದು < ಗುರುತು ಹಾಕಿ ವಿಂಡೋ ಹೆಸರಿನ ಎರಡು ಮೂರು ಅಕ್ಷರ ಟೈಪ್ ಮಾಡಿದರೆ ತೆರೆದಿರುವ ವಿಂಡೋಗಳಲ್ಲಿ ಹುಡುಕಿಕೊಡುತ್ತದೆ. ಲಿನಕ್ಸ್‌ನಲ್ಲಿ ರೋಫಿ ಇದೇ ಕೆಲಸ ಮಾಡುತ್ತದೆ.

ವಿಂಡೋ ಎಷ್ಟೇ ಆದರೂ ಈ ದಾರಿ ತಾಳುತ್ತದೆ. ಆದರೆ ಕಡತಕ್ಕೆ ಸರಿಯಾದ ಹೆಸರಿಡುವ ಶಿಸ್ತು ಬೇಕು. "ಹೊಸದು", "ಹೊಸದು ಫೈನಲ್", "ಫೈನಲ್ 2" ಅಂತ ಹೆಸರಿಡುವ ನಮ್ಮಂಥವರಿಗೆ ಸುಮ್ನೆ ದಂಡ.

ಬ್ರೌಸರ್ ಟ್ಯಾಬ್‌ಗಳದ್ದೂ ಇದೇ ಕಥೆ. ಬಹಳ ಜನರ ವಿಂಡೋ ತೊಂದರೆ ನಿಜಕ್ಕೂ ಟ್ಯಾಬ್ ತೊಂದರೆ. ಕಂಟ್ರೋಲ್ + ಟ್ಯಾಬ್ ಮುಂದಿನ ಟ್ಯಾಬ್‌ಗೆ ಒಯ್ಯುತ್ತದೆ. ಕಂಟ್ರೋಲ್ + 1ರಿಂದ 8ರವರೆಗೆ ಆಯಾ ಸ್ಥಾನದ ಟ್ಯಾಬ್, 9 ಒತ್ತಿದರೆ ಎಷ್ಟಿದ್ದರೂ ಕೊನೆಯದು. ಕ್ರೋಮ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎ ಒತ್ತಿ ಹೆಸರು ಟೈಪ್ ಮಾಡಿದರೆ ಟ್ಯಾಬ್ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ವಿಳಾಸದ ಪಟ್ಟಿಯಲ್ಲಿ % ಹಾಕಿ ಒಂದು ಜಾಗ ಬಿಟ್ಟು ಟೈಪ್ ಮಾಡಿ. ಪದೇ ಪದೇ ಬೇಕಾಗುವ ಒಂದು ಟ್ಯಾಬ್ ಇದ್ದರೆ ಅದನ್ನು ಎಳೆದು ಬೇರೆ ವಿಂಡೋ ಮಾಡಿಬಿಡಿ. ಆಮೇಲೆ ಆಲ್ಟ್ + ಟ್ಯಾಬ್‌ಗೂ ಅದು ಸಿಗುತ್ತದೆ.

ದುಡ್ಡು ಹಾಕಬೇಕಾ?

ಹಾಕುವ ಮೊದಲು ಒಂದು ಕೆಲಸ ಮಾಡಿ ನೋಡಿ. ವಿಂಡೋಸ್ + ಎಡ ಬಾಣ ಒತ್ತಿ, ಪತ್ರ ಎಡ ಅರ್ಧಕ್ಕೆ ಹೋಗುತ್ತದೆ. ಬಲ ಅರ್ಧಕ್ಕೆ ಶೀಟ್ ಆರಿಸಿ. ಎರಡೂ ಕಣ್ಣೆದುರೇ ಇದ್ದಮೇಲೆ ಅಂಕಿ ನೋಡಲು ಯಾವ ಕೀಯೂ ಬೇಡ. ಮ್ಯಾಕ್‌ನಲ್ಲಿ 2024ರ ಸಿಕ್ವೊಯಾದಿಂದ ಇದೇ ಅನುಕೂಲ ಇದೆ, ಎಫ್ಎನ್ + ಕಂಟ್ರೋಲ್ ಜೊತೆ ಬಾಣದ ಕೀ. ದೊಡ್ಡ ಪರದೆಯವರಿಗೆ ಇದು ಎಲ್ಲ ಶಾರ್ಟ್‌ಕಟ್‌ಗಳಿಗಿಂತ ಮೇಲು. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಅರ್ಧ ಪರದೆಯ ಶೀಟ್ ನೋಡಿದರೆ ಕಾಲಂಗಳೇ ಕಾಣುವುದಿಲ್ಲ, ಅಲ್ಲಿ ಆಲ್ಟ್ + ಟ್ಯಾಬ್ ವಾಸಿ.

ಒಂದನ್ನು ನೋಡಿಕೊಂಡು ಇನ್ನೊಂದರಲ್ಲಿ ಬರೆಯುವುದೇ ದಿನದ ಕೆಲಸವಾಗಿದ್ದರೆ, ಅಂದರೆ ಅನುವಾದ, ಲೆಕ್ಕಪತ್ರ, ಡೇಟಾ ಎಂಟ್ರಿ ಇಂಥವು, ಎರಡನೇ ಮಾನಿಟರ್‌ಗೆ ಹಾಕಿದ ದುಡ್ಡು ದಂಡವಲ್ಲ. ಬೇರೆ ಬೇರೆ ಕೆಲಸಗಳ ನಡುವೆ ಹಾರುವುದೇ ತೊಂದರೆಯಾದರೆ ಮಾನಿಟರ್ ಇನ್ನಷ್ಟು ವಿಂಡೋ ಹರಡಲು ಜಾಗ ಕೊಡುತ್ತದೆ, ಅಷ್ಟೇ. ಅದಕ್ಕೆ ಕೋಣೆಗಳೇ ಮದ್ದು. ಪಕ್ಕದಲ್ಲಿ ಬಟನ್ ಇರುವ ಮೌಸ್ ಕೊಳ್ಳುವುದು ಚಿತ್ರ ಅಥವಾ ವಿಡಿಯೋ ಕೆಲಸದವರಿಗೆ ಸರಿ, ಅವರ ಕೈ ಹೇಗೂ ಮೌಸ್ ಮೇಲೆ ಇರುತ್ತದೆ. ಟೈಪ್ ಮಾಡುವವರಿಗೆ ಅದು ಬೇಡ. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಮೂರು ಬೆರಳು ಮೇಲಕ್ಕೆ ಎಳೆದರೆ ಎಲ್ಲ ವಿಂಡೋ ಹರಡಿಕೊಳ್ಳುತ್ತವೆ, ಅದಕ್ಕಂತೂ ಖರ್ಚೇ ಇಲ್ಲ.

ಹಾಗಾದರೆ ಯಾರು ಏನು ಕಲಿಯಬೇಕು? ಎರಡೇ ವಿಂಡೋ ಇಟ್ಟುಕೊಂಡು ಬರೆಯುವವರಿಗೆ ಆಲ್ಟ್ + ಟ್ಯಾಬ್ ಸಾಕು, ಬೇರೆ ಏನೂ ಬೇಡ. ಅದೇ ಐದಾರು ಪ್ರೋಗ್ರಾಂಗಳ ನಡುವೆ ದಿನವಿಡೀ ತಿರುಗುವವರು ಇವತ್ತೇ ಟಾಸ್ಕ್‌ಬಾರ್ ಐಕಾನ್‌ಗಳನ್ನು ಕ್ರಮವಾಗಿ ಜೋಡಿಸಿ ಅಂಕಿ ಹಿಡಿಯಿರಿ, ನಾಲ್ಕಕ್ಕಿಂತ ಹೆಚ್ಚು ಅಂಕಿಯನ್ನು ಒಂದೇ ಸಲ ಕಲಿಯಲು ಹೋಗಬೇಡಿ. ಎರಡು ಮೂರು ಬೇರೆ ಕೆಲಸ ಒಟ್ಟಿಗೆ ನಡೆಸುವವರು ಕೋಣೆ ಮಾಡಿಕೊಂಡು ಒಳಗೆ ಆಲ್ಟ್ + ಟ್ಯಾಬ್ ಬಳಸಿ. ನಾನು ಸದ್ಯ ಅಂಕಿಯನ್ನೂ ಎರಡು ಕೋಣೆಯನ್ನೂ ಸೇರಿಸಿ ನಡೆಸುತ್ತಿದ್ದೇನೆ. ಹರಡಿ ನೋಡುವ ಕೀ ದಿನಕ್ಕೆ ಒಂದೆರಡು ಸಲ ಬೇಕಾಗುತ್ತದೆ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡುವವರಿಗೆ ಒಂದು ಮಾತು ಉಳಿದಿದೆ. ವಿಂಡೋಸ್‌ನಲ್ಲಿ ಎರಡು ಭಾಷೆಯ ಕೀಬೋರ್ಡ್ ಹಾಕಿಕೊಂಡಿದ್ದರೆ ಎಡಗಡೆಯ ಆಲ್ಟ್ + ಶಿಫ್ಟ್ ಭಾಷೆ ಬದಲಿಸುವ ಕೀ ಆಗಿರುತ್ತದೆ. ಹಿಂದಕ್ಕೆ ಹೋಗಲು ಆಲ್ಟ್ + ಶಿಫ್ಟ್ ಹಿಡಿದಿರಿ, ಟ್ಯಾಬ್ ಒತ್ತುವ ಮೊದಲು ಮನಸ್ಸು ಬದಲಿಸಿ ಕೈ ಬಿಟ್ಟಿರಿ, ಅಷ್ಟೇ. ಮುಂದಿನ ಸಾಲು ಇಂಗ್ಲಿಷ್ ಬದಲು ಕನ್ನಡದಲ್ಲಿ ಏನೇನೋ ಬರುತ್ತದೆ, ಪಾಸ್‌ವರ್ಡ್ ಆದರೆ ತಪ್ಪು ಅನ್ನುತ್ತದೆ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ದೇನೆ ನಾನು. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್, ಅದರೊಳಗೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಅಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ತೆರೆದು ಆ ಜೋಡಿಗೆ ನಾಟ್ ಅಸೈನ್ಡ್ ಅಂತ ಆರಿಸಿ. ಭಾಷೆ ಬದಲಿಸಲು ವಿಂಡೋಸ್ + ಸ್ಪೇಸ್ ಹೇಗೂ ಇದ್ದೇ ಇದೆ.